ಬರೀ ಕಾಡುಮರ ಅನ್ನೋ ಮರ ಎಲ್ಲಿದೆ, ತೋರಿಸಿ

ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಿನಲ್ಲೇ ಕೂತಿದ್ದೇನೆ.

ಮೊನ್ನೆ ಕೊಡಗಿನ ಗೋಣಿಕೊಪ್ಪ ಸಂತೆಯಲ್ಲಿ ಪರಿಚಯದ ಕಾಫಿ ತೋಟದವರೊಬ್ಬರು ಸಿಕ್ಕರು. ಅವರ ತೋಟದ ತೋಡಿನ, ಅಂದರೆ ಸಣ್ಣ ಹಳ್ಳದ, ಪಕ್ಕ ಒಂದು ದೊಡ್ಡ ಮರ ಇತ್ತು. "ಮರ ಕಾಯಿ ಕಟ್ಟಿತಾ ಅಣ್ಣ?" ಅಂದೆ. "ಅದನ್ನು ಕಡಿಸಿದೆ. ಬರೀ ಕಾಡುಮರ ಅಲ್ವಾ?" ಅಂದರು.

ಬರೀ ಕಾಡುಮರ! ಆ ಮರದ ಹೂವು ನನ್ನ ಮನೆಯಲ್ಲಿ ಹಳೇ ಪೇಪರ್ ನಡುವೆ ಇದೆ. ಎರಡು ವರ್ಷದ ಹಿಂದೆ ಬುಡದಲ್ಲಿ ಹೆಕ್ಕಿದ್ದು. ಹೆಬ್ಬೆರಳಿನ ಉಗುರಿನಷ್ಟು ಅಗಲ, ಕೆನೆ ಬಣ್ಣದ ಐದು ದಳ, ಒಳಗೆ ಸಣ್ಣ ಕಂದು ರೋಮ. ಮಳೆಗಾಲ ಶುರುವಾಗಿತ್ತು. ದಿನಾ ಪೇಪರ್ ಬದಲಿಸಿ ಒಲೆ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದೆ. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತಿತ್ತು. ಸಸ್ಯಶಾಸ್ತ್ರ ಓದಿದವರೊಬ್ಬರಿಗೆ ತೋರಿಸಿದೆ. ಲೆನ್ಸ್ ಹಿಡಿದು ತುಂಬಾ ಹೊತ್ತು ನೋಡಿದರು. "ಗೊತ್ತಿರೋ ಯಾವುದಕ್ಕೂ ಕೂರ್ತಾ ಇಲ್ಲ. ಕಾಯಿ ತನ್ನಿ" ಅಂದರು. ಹೋದ ವರ್ಷ ಮರ ಹೂ ಬಿಡಲೇ ಇಲ್ಲ. ಈ ವರ್ಷ ಬಿಟ್ಟಿತ್ತು. ಕಾಯಿಗೆ ಕಾಯುತ್ತಿದ್ದೆ.

ಅದು ಹೊಸ ಪ್ರಭೇದವೇ ಅಂತ ನಾನು ಹೇಳುತ್ತಿಲ್ಲ. ಹೌದೋ ಅಲ್ಲವೋ ಅಂತ ತಿಳಿಯುವ ದಾರಿಯೇ ಮುಚ್ಚಿಹೋಯಿತು. ಅದಕ್ಕೇ ಹೇಳುತ್ತೇನೆ, ಹೂವು ಕಾಯಿ ನೋಡದೆ ಕೊಡಲಿ ಹಾಕಬೇಡಿ.

"ಇನ್ನು ಹೊಸ ಮರ ಎಲ್ಲಿ ಸಿಗುತ್ತೆ? ಬ್ರಿಟಿಷರ ಕಾಲದಲ್ಲೇ ಎಲ್ಲಾ ಬರೆದಾಯ್ತು" ಅನ್ನುವವರಿದ್ದಾರೆ. ಹೌದಾ? ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ, ರಾಮಪತ್ರೆ ಮರಗಳ ಜೌಗಿನಲ್ಲಿ, ಕರಿಗೇರಿನ ಕುಲದ ಒಂದು ಮರ ಇದೆ. ವೈಜ್ಞಾನಿಕ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಆ ಹೆಸರು ಬಂದಿದ್ದು 2000ದಲ್ಲಿ! ಹುಲ್ಲಲ್ಲ, ಗಿಡವಲ್ಲ, ಮರ. ಅದನ್ನೂ ಯಾರಾದರೂ "ಕಾಡುಮರ" ಅಂತ ಮೊದಲೇ ಕಡಿದು ಮುಗಿಸಿದ್ದರೆ?

"ನಮ್ಮಜ್ಜನಿಗೆ ಎಲ್ಲಾ ಮರ ಗೊತ್ತಿತ್ತು" ಅನ್ನುತ್ತೀರಿ. ಖಂಡಿತ ಗೊತ್ತಿತ್ತು. ಬರೆದಿಟ್ಟರಾ? ಹೊಸ ಪ್ರಭೇದ ಅಂತ ಜಗತ್ತು ಒಪ್ಪಬೇಕಾದರೆ ಕೊಂಬೆಯನ್ನು ಸಾಧ್ಯವಾದಷ್ಟೂ ಹೂವು, ಕಾಯಿ ಸಮೇತ ಒಣಗಿಸಿ, ಹಾಳೆಗೆ ಅಂಟಿಸಿ, ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಸಸ್ಯಗಳ ಸಂಗ್ರಹಾಲಯದಲ್ಲಿ, ಇಡಬೇಕು. ಆ ಮಾದರಿಗೆ ಟೈಪ್ ಅಂತಾರೆ. ಹೆಸರು ನಿಲ್ಲುವುದೇ ಅದರ ಮೇಲೆ. ನಂಟಸ್ತಿಕೆಯ ಮರಗಳ ಹಳೇ ಹಾಳೆ ಪಕ್ಕ ಇಟ್ಟುಕೊಂಡು ದಳ, ಕೇಸರ ಎಣಿಸಬೇಕು. ಎಲ್ಲಿ ಬೇರೆ ಅಂತ ಬರೆದು ಪ್ರಕಟಿಸಬೇಕು. 2011ರ ಕೊನೆಯವರೆಗೂ ಅದನ್ನು ಲ್ಯಾಟಿನ್‌ನಲ್ಲೇ ಬರೆಯಬೇಕಿತ್ತು. 2012ರಿಂದ ಇಂಗ್ಲಿಷ್ ಆದರೂ ನಡೆಯುತ್ತದೆ. ಎಲೆ ಒಂದನ್ನೇ ನಂಬಿದರೆ ಆಗುವುದಿಲ್ಲ. ಎಷ್ಟೋ ಮರಗಳಲ್ಲಿ ಎಳೇ ಸಸಿಯ ಎಲೆ ಒಂದು ಥರ, ಬೆಳೆದ ಮರದ್ದು ಇನ್ನೊಂದು ಥರ. ಹೂವು ಬೇಕು. ಕಾಯಿ ಬೇಕು. ಮರ ನಿಂತಿರಬೇಕು!

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದರೆ ಸಾಕು, ಎಲ್ಲರ ಸ್ಟೇಟಸ್‌ನಲ್ಲೂ ಕಾಫಿ ಹೂವೇ. ಚಂದವೇ, ನಾನೂ ಹಾಕುತ್ತೇನೆ. ಫೋಟೋ ತೆಗೆಯುವಾಗ ಒಂದು ಸಲ ಕತ್ತೆತ್ತಿ ನೋಡಿ. ನೆರಳಿನ ಮರವೂ ಹೂ ಬಿಟ್ಟಿರಬಹುದು.

"ಸಿಲ್ವರ್ ಓಕ್‌ಗೆ ಮೆಣಸು ಚೆನ್ನಾಗಿ ಹಬ್ಬುತ್ತೆ, ಕಡಿಯುವಾಗ ಪರ್ಮಿಟ್ ರಗಳೆ ಇಲ್ಲ." ಗೊತ್ತು, ಸಾವಿರ ಸಲ ಕೇಳಿದ್ದೇನೆ. ಆಸ್ಟ್ರೇಲಿಯಾದಿಂದ ಬಂದ ಮರದ ಹೆಸರು ತೋಟದ ಕೆಲಸದವರ ಲೈನ್‌ಮನೆಯ ಪುಟ್ಟ ಮಕ್ಕಳಿಗೂ ಗೊತ್ತು. ಇಲ್ಲೇ ಹುಟ್ಟಿದ್ದು ಮಾತ್ರ ಕಾಡುಮರ! ಇದ್ಯಾವ ನ್ಯಾಯ?

ದೇವರಕಾಡು ಇದೆಯಲ್ಲ ಅನ್ನಬೇಡಿ. ಕೊಡಗಿನಲ್ಲಿ ಸಾವಿರಕ್ಕೂ ಜಾಸ್ತಿ ಇವೆ, ಸಂತೋಷ. ಆ ಮರ ಇದ್ದಿದ್ದು ತೋಟದಲ್ಲಿ.

ಕಾಡುಮರ ಅನ್ನಬೇಡಿ. ದಯವಿಟ್ಟು ಅನ್ನಲೇಬೇಡಿ. ಮರ ಕಪಾತು ಮಾಡುವವರಿಗೆ ಹೇಳಿಡಿ, ಗೊತ್ತಿಲ್ಲದ ಹೂವು ಕಂಡರೆ ಒಂದು ಕೊಂಬೆ ಎತ್ತಿಡಲಿ. ಫೋಟೋ ನನಗೆ ಕಳಿಸಿ. ಮಳೆಗಾಲದಲ್ಲಿ ಹೂವು ಒಣಗಿಸುವುದು ಹೇಗೆ ಅಂತ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿಕೊಳ್ಳಿ. ನಾಳೆ ಬೆಳಿಗ್ಗೆ ಆ ತೋಡಿನ ಬದಿಗೆ ಹೋಗುತ್ತಿದ್ದೇನೆ. ಬೊಡ್ಡೆಯಲ್ಲಿ ಚಿಗುರೇನಾದರೂ ಬಂದಿದೆಯಾ ನೋಡಬೇಕು.