ಸೆಕೆಂಡ್ ಹ್ಯಾಂಡ್ ಏಳು ಸೀಟಿನ ಗಾಡಿ: ಹೈಬ್ರಿಡ್ಡೋ, ಪೆಟ್ರೋಲೋ?

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಆರೇಳು ಜನ. ಅಜ್ಜ ಅಜ್ಜಿಗೆ ಹತ್ತಿ ಇಳಿಯಲು ಸುಲಭವಾಗಬೇಕು, ಮದುವೆ ಮುಂಜಿಗೆ ಎಲ್ಲರೂ ಒಂದೇ ಗಾಡಿಯಲ್ಲಿ ಹೋಗಬೇಕು, ಹೊಸದಕ್ಕೆ ಅಷ್ಟೊಂದು ಲಕ್ಷ ಸುರಿಯುವ ಮನಸ್ಸಿಲ್ಲ. ಹಾಸನ, ಚಿಕ್ಕಮಗಳೂರು ಕಡೆ ಇಂಥ ಮನೆಯವರು ಸೆಕೆಂಡ್ ಹ್ಯಾಂಡ್ ಟೊಯೋಟಾ ಇನ್ನೋವಾ ಹೈಕ್ರಾಸ್ ಹುಡುಕಲು ಹೊರಟರೆ ಮೊದಲ ದಿನವೇ ಎದುರಾಗುವ ಪ್ರಶ್ನೆ ಇದು: ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟಾರೂ ಇರುವ ಹೈಬ್ರಿಡ್ ತಗೊಳ್ಳುವುದೋ, ಬರೀ ಪೆಟ್ರೋಲ್ ತಗೊಳ್ಳುವುದೋ.

ಜಪಾನಿನಿಂದ ಹಳೇ ವ್ಯಾನನ್ನೇ ತರಿಸಿಕೊಂಡರೆ ಅಗ್ಗವಲ್ಲವೇ ಎಂದು ಕೆಲವರು ಕೇಳುತ್ತಾರೆ. ನ್ಯೂಜಿಲೆಂಡಿನಂಥ ದೇಶಗಳಲ್ಲಿ ಅದು ಮಾಮೂಲಿ ವ್ಯವಹಾರ. ನಮ್ಮಲ್ಲಿ ಹಳೇ ಗಾಡಿ ಆಮದಾಗಬೇಕಾದರೆ ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ಮುಂಬೈ ಬಂದರಿನಲ್ಲೇ ಇಳಿಯಬೇಕು, ಮೇಲೆ ಗಾಡಿಯ ಬೆಲೆಯನ್ನೇ ಮೀರುವ ಸುಂಕ. ಆ ಆಸೆ ಬಿಡಿ. ಆಮದಾದದ್ದೇ ಬೇಕೆಂದರೆ ಕಂಪನಿಯೇ ಹೊರಗಿನಿಂದ ತಂದು 2020ರಿಂದ ಮಾರುತ್ತಿರುವ ವೆಲ್‌ಫೈರ್ ಇದೆ. ಅದು ಹೈಬ್ರಿಡ್‌ನಲ್ಲಿ ಮಾತ್ರ ಸಿಗುತ್ತದೆ. ಒಂದು ಹೆಡ್‌ಲೈಟ್ ಒಡೆದರೂ ಬಿಲ್ಲು ನೋಡಿ ಕೂರಬೇಕಾಗುತ್ತದೆ. ಎಸ್ಟೇಟ್ ರಸ್ತೆಗೆ ಅದು ಹೇಳಿ ಮಾಡಿಸಿದ್ದಲ್ಲ.

ಹಾಗಾಗಿ ಹೈಕ್ರಾಸ್‌ಗೇ ಬರೋಣ. ಇದು ಹೊರಬಂದದ್ದು 2022ರ ಕೊನೆಗೆ, ರಸ್ತೆಗಿಳಿದದ್ದು 2023ರಲ್ಲಿ. ಎರಡೂ ಮಾದರಿಯಲ್ಲಿರುವುದು 1987 ಸಿಸಿಯ ಪೆಟ್ರೋಲ್ ಎಂಜಿನ್. ಹೈಬ್ರಿಡ್‌ನಲ್ಲಿ ಅದರ ಜೊತೆ ಮೋಟಾರು ಮತ್ತು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಸೇರುತ್ತವೆ. ಇದನ್ನು ಮನೆಯಲ್ಲಿ ಚಾರ್ಜಿಗೆ ಹಾಕುವಂತಿಲ್ಲ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಉರುಳುವಾಗ, ಎಂಜಿನ್ ಓಡುವಾಗ ತಾನೇ ತುಂಬಿಕೊಳ್ಳುತ್ತದೆ. ಮಾರುತಿ ಇನ್ವಿಕ್ಟೋ ಕೂಡ ಇದೇ ಗಾಡಿ, ಬೋರ್ಡು ಬೇರೆ. ಎರ್ಟಿಗಾದ ಮೇಲೆ ಬರೆದಿರುವ ಸ್ಮಾರ್ಟ್ ಹೈಬ್ರಿಡ್ ಮಾತ್ರ ಬೇರೆಯೇ ಸಂಗತಿ. ಅದು ಎಂಜಿನ್ನಿಗೆ ಸ್ವಲ್ಪ ಕೈ ಜೋಡಿಸುತ್ತದೆಯೇ ಹೊರತು ಬರೀ ಕರೆಂಟಿನಲ್ಲಿ ಚಕ್ರ ತಿರುಗಿಸುವುದಿಲ್ಲ. ಬ್ರೋಕರು ಎರಡನ್ನೂ ಒಂದೇ ಉಸಿರಿನಲ್ಲಿ ಹೈಬ್ರಿಡ್ ಅಂದರೆ ಅಲ್ಲೇ ತಡೆದು ಕೇಳಿ.

ಈಗ ದುಡ್ಡಿನ ಲೆಕ್ಕ. ಕಂಪನಿ ಹೇಳುವ ಮೈಲೇಜು ಹೈಬ್ರಿಡ್‌ಗೆ ಲೀಟರಿಗೆ 23.24 ಕಿಲೋಮೀಟರ್, ಪೆಟ್ರೋಲಿಗೆ 16 ಚಿಲ್ಲರೆ. ಜನ, ಸಾಮಾನು, ಎಸಿ ಎಲ್ಲ ಸೇರಿದಾಗ ಅಷ್ಟು ಬರುವುದಿಲ್ಲ. ಮಿಶ್ರ ಓಡಾಟಕ್ಕೆ ಹೈಬ್ರಿಡ್ 17, ಪೆಟ್ರೋಲ್ 11 ಎಂದು ಹಿಡಿಯಿರಿ. ಸಾವಿರ ಕಿಲೋಮೀಟರಿಗೆ ಒಂದು ಸುಮಾರು 59 ಲೀಟರ್ ಕುಡಿದರೆ ಇನ್ನೊಂದು 91. ಲೀಟರಿಗೆ 103 ರೂಪಾಯಿ ಎಂದುಕೊಂಡರೆ ಉಳಿತಾಯ ಸುಮಾರು 3,300 ರೂಪಾಯಿ. ನೀವು ನೋಡಿದ ಎರಡು ಗಾಡಿಗಳ ನಡುವೆ ಐದು ಲಕ್ಷ ವ್ಯತ್ಯಾಸವಿದ್ದರೆ, ಆ ದುಡ್ಡು ಪೆಟ್ರೋಲಿನಲ್ಲೇ ಹುಟ್ಟಬೇಕಾದರೆ ಒಂದೂವರೆ ಲಕ್ಷ ಕಿಲೋಮೀಟರ್ ಓಡಬೇಕು. ವರ್ಷಕ್ಕೆ 12 ಸಾವಿರ ಓಡಿಸುವ ಮನೆಗೆ ಅದು ಹನ್ನೆರಡು ವರ್ಷದ ಮಾತು. 30 ಸಾವಿರ ಓಡಿಸುವವರಿಗೆ ಐದು ವರ್ಷ.

ಆದರೆ ಆ ಐದು ಲಕ್ಷವೂ ಬ್ಯಾಟರಿಯ ಬೆಲೆಯಲ್ಲ. ಪೆಟ್ರೋಲ್ ಬರುವುದು ಜಿ, ಜಿಎಕ್ಸ್ ಮಾದರಿಗಳಲ್ಲಿ. ಹೈಬ್ರಿಡ್ ಬರುವುದು ವಿಎಕ್ಸ್, ಜೆಡ್ಎಕ್ಸ್ ಎಂಬ ಮೇಲಿನ ಮಾದರಿಗಳಲ್ಲಿ. ಸನ್‌ರೂಫು, ಒಳ್ಳೆಯ ಸೀಟು ಇಂಥವೆಲ್ಲ ಆ ಬೆಲೆಯೊಳಗೇ ಸೇರಿವೆ. ಅವು ನಿಮಗೆ ಬೇಕಿದ್ದವೇ ಆದರೆ ಹೈಬ್ರಿಡ್‌ಗೆಂದು ಕೊಟ್ಟ ಹೆಚ್ಚಿನ ದುಡ್ಡು ಕಡಿಮೆಯೇ ಆಯಿತು. ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ ಹೊಸ ಗಾಡಿಗಳ ಬೆಲೆ ಇಳಿಯಿತು. ಮಾರುವವರು ತಮ್ಮ ಹಳೇ ಬಿಲ್ಲು ತೋರಿಸಿ ಬೆಲೆ ಕಟ್ಟಿದರೆ, ಅದೇ ಮಾದರಿಯ ಇವತ್ತಿನ ಹೊಸ ಬೆಲೆ ಕೇಳಿಕೊಂಡು ಬಂದು ಚೌಕಾಸಿಗೆ ಕೂರಿ.

ಎಷ್ಟು ಓಡಿಸುತ್ತೀರಿ ಎಂಬಷ್ಟೇ ಮುಖ್ಯ ಎಲ್ಲಿ ಓಡಿಸುತ್ತೀರಿ ಎನ್ನುವುದು. ಹಾಸನದಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಒಂದೇ ಸಮ ನೂರರಲ್ಲಿ ಹೋದರೆ ಹೈಬ್ರಿಡ್‌ನ ಲಾಭ ಕರಗುತ್ತದೆ, ಏಕೆಂದರೆ ಅಲ್ಲಿ ಬ್ರೇಕೇ ಇಲ್ಲ, ವಾಪಸ್ ಹಿಡಿಯಲು ಶಕ್ತಿಯೂ ಇಲ್ಲ. ಪೇಟೆಯೊಳಗೆ, ಶಾಲೆ, ಆಸ್ಪತ್ರೆ, ಸಂತೆ ಎಂದು ನಿಂತು ನಿಂತು ಹೋಗುವ ಗಾಡಿಯಲ್ಲಿ ಪೆಟ್ರೋಲ್ ಒಂಬತ್ತಕ್ಕೆ ಇಳಿದರೂ ಹೈಬ್ರಿಡ್ ಹದಿನೇಳು ಹದಿನೆಂಟು ಬಿಡುವುದಿಲ್ಲ.

ಘಾಟಿಯ ವಿಷಯದಲ್ಲಿ ತಪ್ಪು ಕಲ್ಪನೆಗಳು ಬಹಳ. ಶಿರಾಡಿ ಇಳಿಯುವಾಗ ಬ್ಯಾಟರಿ ತುಂಬುತ್ತಲೇ ಹೋಗುತ್ತದೆ, ಮಂಗಳೂರಿನವರೆಗೂ ಬಿಟ್ಟಿ ಸವಾರಿ ಎಂದು ನಂಬಿದವರಿದ್ದಾರೆ. ಬ್ಯಾಟರಿ ಚಿಕ್ಕದು. ಜನರೂ ಸೇರಿ ಎರಡು ಟನ್ನು ದಾಟುವ ಗಾಡಿ ಏಳುನೂರು ಮೀಟರ್ ಕೆಳಗಿಳಿದರೆ ಹುಟ್ಟುವ ಶಕ್ತಿ ಸುಮಾರು ನಾಲ್ಕು ಯೂನಿಟ್. ಇದರ ಬ್ಯಾಟರಿಗೆ ಅದರ ಅರ್ಧವೂ ಹಿಡಿಸುವುದಿಲ್ಲ. ಇಳಿಜಾರು ಮುಗಿಯುವ ಮೊದಲೇ ತುಂಬಿರುತ್ತದೆ. ಆಮೇಲೆ ಗಾಡಿಯನ್ನು ಹಿಡಿದು ನಿಲ್ಲಿಸಲು ಎಂಜಿನ್ ಜೋರಾಗಿ ಕೂಗುತ್ತದೆ. ಪೆಟ್ರೋಲ್ ಸುಡದೆ ಸುಮ್ಮನೆ ತಿರುಗುವ ಸದ್ದು ಅದು, ರೋಗವಲ್ಲ. ಎರಡೂ ಮಾದರಿಯಲ್ಲಿ ಚಾರ್ಮಾಡಿಯಂಥ ತಿರುವುಗಳಲ್ಲಿ ಲಿವರನ್ನು ಕೆಳ ಹಂತಕ್ಕೆ ಇಳಿಸಿಯೇ ಬನ್ನಿ. ಬ್ರೇಕ್ ಪೆಡಲಿನ ಮೇಲೇ ಕಾಲಿಟ್ಟುಕೊಂಡು ಬಂದರೆ ಡಿಸ್ಕು ಕಾದು ಹಿಡಿತ ತಪ್ಪುತ್ತದೆ.

ಹಳೇ ಇನ್ನೋವಾ ಕ್ರಿಸ್ಟಾ ಓಡಿಸಿದವರು ಇನ್ನೊಂದನ್ನು ನೆನಪಿಡಬೇಕು. ಅದರಲ್ಲಿ ಎಳೆಯುವುದು ಹಿಂದಿನ ಚಕ್ರ, ಹೈಕ್ರಾಸ್‌ನಲ್ಲಿ ಮುಂದಿನ ಚಕ್ರ. ಜುಲೈ ಮಳೆಯಲ್ಲಿ ತೋಟದ ಕೆಸರು ಏರು, ಗಾಡಿ ತುಂಬ ಜನ, ಭಾರವೆಲ್ಲ ಹಿಂದಕ್ಕೆ: ಮುಂದಿನ ಚಕ್ರ ಜಾರುತ್ತದೆ. ಹೈಬ್ರಿಡ್ಡಾದರೂ ಪೆಟ್ರೋಲಾದರೂ ಈ ಕಷ್ಟ ತಪ್ಪದು. ಮನೆ ಮುಟ್ಟಲು ಅಂಥ ದಾರಿಯೊಂದೇ ಇದ್ದರೆ ಎರಡೂ ಬೇಡ.

ಗಾಡಿ ನೋಡಲು ಹೋಗುವಾಗ ಬೆಳಿಗ್ಗೆ ಬೇಗ ಹೋಗಿ. ನೀವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಹೈಬ್ರಿಡ್ ಆದರೆ ಬ್ರೇಕ್ ಒತ್ತಿ ಬಟನ್ ಒತ್ತಿದಾಗ ಮೀಟರಿನಲ್ಲಿ ರೆಡಿ ಎಂಬ ದೀಪ ಬರಬೇಕು. ಎಂಜಿನ್ ಸದ್ದು ಆಗಲೇ ಬರಬೇಕೆಂದಿಲ್ಲ. ಎಸಿ ಹಾಕಿ ಹತ್ತು ಹದಿನೈದು ನಿಮಿಷ ನಿಂತಲ್ಲೇ ಬಿಟ್ಟು ಬ್ಯಾಟರಿಯ ಗೆರೆಗಳನ್ನು ನೋಡಿ. ನಿಧಾನಕ್ಕೆ ಇಳಿದು, ಎಂಜಿನ್ ತಾನೇ ಸ್ಟಾರ್ಟ್ ಆಗಿ, ನಿಧಾನಕ್ಕೆ ಏರಬೇಕು. ಒಂದೆರಡು ನಿಮಿಷದಲ್ಲೇ ಸರ್ರನೆ ಇಳಿದು ಸರ್ರನೆ ಏರಿದರೆ ಒಳಗಿನ ಸೆಲ್‌ಗಳು ಸೋತಿವೆ ಎಂದು ಅನುಮಾನಿಸಿ. ಒಳಗಡೆ ಫ್ಯಾನ್ ಗುಂಯ್ ಎಂದು ಜೋರಾಗಿ ಕೂಗಿದರೆ ಬ್ಯಾಟರಿಗೆ ಗಾಳಿ ಸಾಲುತ್ತಿಲ್ಲ. ಬ್ಯಾಟರಿ ತಂಪಾಗುವುದು ಕ್ಯಾಬಿನ್ನಿನ ಗಾಳಿಯಿಂದಲೇ. ಸೀಟಿನ ಬಳಿಯ ಜಾಲರಿಯನ್ನು ಧೂಳು, ನಾಯಿಕೂದಲು, ಚೀಲದಿಂದ ಉದುರಿದ ಕಾಫಿ ಹೊಟ್ಟು ಮುಚ್ಚಿದ್ದರೆ ಬ್ಯಾಟರಿ ಬೆಂದು ಆಯುಸ್ಸು ಕಳೆದುಕೊಳ್ಳುತ್ತದೆ. ಟಾರ್ಚ್ ಬಿಟ್ಟು ನೋಡಿ.

ನಮ್ಮ ಕಡೆ ಇಲಿ ಹೆಗ್ಗಣದ ಕಾಟ ಗೊತ್ತೇ ಇದೆ. ಬಾನೆಟ್ ಒಳಗೆ, ಗಾಡಿಯ ಅಡಿಯಲ್ಲಿ ಕಿತ್ತಳೆ ಬಣ್ಣದ ದಪ್ಪ ವೈರು ಕಾಣುತ್ತದೆ. ಅದರಲ್ಲಿ ಹರಿಯುವುದು ಜೀವ ತೆಗೆಯುವಷ್ಟು ವೋಲ್ಟೇಜು. ಕಣ್ಣಿನಿಂದ ಮಾತ್ರ ನೋಡಿ, ಕೈ ಹಾಕಬೇಡಿ. ಕಚ್ಚಿದ ಗುರುತು, ಟೇಪು ಸುತ್ತಿದ ಗುರುತು ಕಂಡರೆ ಅಲ್ಲಿಂದ ಎದ್ದು ಬನ್ನಿ. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹೊಂದಿಸಿ ಕೊಡುವ ಇನ್ವರ್ಟರಿಗೆ ಬೇರೆಯೇ ಕೂಲಂಟ್ ಡಬ್ಬಿ ಇರುತ್ತದೆ, ಅದರ ಮಟ್ಟವನ್ನೂ ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಕಲೆ ಇದೆಯೇ, ಸೀಟಿನ ಕೆಳಗಿನ ಕಬ್ಬಿಣ ತುಕ್ಕು ಹಿಡಿದಿದೆಯೇ ನೋಡಿ. ನೆರೆಯಲ್ಲಿ ಮುಳುಗಿದ ಪೆಟ್ರೋಲ್ ಗಾಡಿಯನ್ನು ಹೇಗೋ ರಿಪೇರಿ ಮಾಡಬಹುದು. ಮುಳುಗಿದ ಹೈಬ್ರಿಡ್ ಬೇಡವೇ ಬೇಡ.

ಬ್ಯಾಟರಿಗೆ ಕಂಪನಿಯ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಚಾಸಿ ನಂಬರ್ ಕೊಟ್ಟು ಅಧಿಕೃತ ವರ್ಕ್‌ಶಾಪಿನಲ್ಲಿ ಸರ್ವಿಸ್ ಇತಿಹಾಸ ತೆಗೆಸಿ, ಬ್ಯಾಟರಿ ತಪಾಸಣೆ ಮಾಡಿಸಿ, ವರದಿ ಕೈಗೆ ತಗೊಳ್ಳಿ. ಸರ್ವಿಸ್ ಅಲ್ಲಲ್ಲಿ ತಪ್ಪಿದ್ದರೆ, ಮೀಟರ್ ಈಗಲೇ ಒಂದೂವರೆ ಲಕ್ಷ ಮುಟ್ಟಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಹೈಬ್ರಿಡ್ ಬಿಟ್ಟು ಪೆಟ್ರೋಲಿನ ಕಡೆ ನೋಡುವುದೇ ಸರಿ. ಹೈಬ್ರಿಡ್ ಕೆಲಸ ಕಲಿತವರಿರುವ ವರ್ಕ್‌ಶಾಪ್ ನಿಮ್ಮೂರಿಂದ ಎಷ್ಟು ದೂರ ಎಂದೂ ವಿಚಾರಿಸಿ. ಕಳಸದಲ್ಲೋ ಮೂಡಿಗೆರೆಯಲ್ಲೋ ಕೆಟ್ಟು ನಿಂತರೆ ಪಕ್ಕದ ಗ್ಯಾರೇಜಿನವರು ಇದಕ್ಕೆ ಕೈ ಹಚ್ಚಲಾರರು.

ಪೆಟ್ರೋಲಿನಲ್ಲಿ ನೋಡಬೇಕಾದ್ದು ಸಿವಿಟಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಒಳಗೆ ಉಕ್ಕಿನ ಪಟ್ಟಿ, ಎರಡು ಪುಲ್ಲಿಗಳ ನಡುವೆ. ಭಾರ ಹೇರಿ ಘಾಟಿ ಹತ್ತಿಸಿದ ಗಾಡಿಯಲ್ಲಿ ಅದರ ಎಣ್ಣೆ ಬೇಗ ಕೆಡುತ್ತದೆ. ಕೈಮರದಿಂದ ಮುಳ್ಳಯ್ಯನಗಿರಿ ಕಡೆಗೆ ನಾಲ್ಕು ಜನ ಕೂತು ಹತ್ತಿಸಿ. ನಿಂತು ಹೊರಡುವಾಗ ನಡುಗಿದರೆ, ಕೂಗು ಏರಿದರೂ ವೇಗ ಏರದಿದ್ದರೆ ಬೇಡ. ಹೈಬ್ರಿಡ್‌ನಲ್ಲಿ ಈ ಪಟ್ಟಿಯೇ ಇಲ್ಲ, ಹಲ್ಲುಗಾಲಿಗಳಷ್ಟೇ. ಆ ಮಟ್ಟಿಗೆ ಅದು ಗಟ್ಟಿ. ಜಿಎಕ್ಸ್ ಪೆಟ್ರೋಲ್ ಗಾಡಿಗಳು ಟ್ಯಾಕ್ಸಿಗೂ ಹೋಗಿವೆ, ಹಳದಿ ಬೋರ್ಡಿನಿಂದ ಬಿಳಿಗೆ ಬದಲಾಗಿದೆಯೇ ಎಂದು ಆರ್‌ಸಿ ದಾಖಲೆಯಲ್ಲಿ ನೋಡಿ.

ವಾರಗಟ್ಟಲೆ ಶೆಡ್ಡಿನಲ್ಲೇ ನಿಲ್ಲುವ ಗಾಡಿಯಾದರೆ ಹೈಬ್ರಿಡ್‌ನ ಚಿಕ್ಕ 12 ವೋಲ್ಟ್ ಬ್ಯಾಟರಿ ಇಳಿದುಹೋಗುತ್ತದೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಆಗ ಗಾಡಿ ಎಚ್ಚರಾಗುವುದಿಲ್ಲ. ವಾರಕ್ಕೊಮ್ಮೆ ರೆಡಿ ದೀಪ ಹಾಕಿ ಒಂದು ಗಂಟೆ ಬಿಡಬೇಕು.

ಹೊರರಾಜ್ಯದ ಅಗ್ಗದ ಗಾಡಿಗೆ ಮರುಳಾಗಬೇಡಿ. ಉತ್ತರ ಪ್ರದೇಶ 2024ರಲ್ಲಿ ಹೈಬ್ರಿಡ್‌ಗಳ ನೋಂದಣಿ ತೆರಿಗೆ ಮನ್ನಾ ಮಾಡಿತ್ತು, ಹಾಗಾಗಿ ಅಲ್ಲಿನ ಬೆಲೆ ಕಡಿಮೆ ಕಾಣುತ್ತದೆ. ಇಲ್ಲಿಗೆ ತಂದು ಕೆಎ 13 ಅಥವಾ ಕೆಎ 18 ನಂಬರ್ ಮಾಡಿಸುವಾಗ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. 20 ಲಕ್ಷ ದಾಟಿದ ಹೊಸ ಗಾಡಿಗೆ ಅದು ಶೇಕಡಾ 18, ಮೇಲೆ ಸೆಸ್. ಗಾಡಿಯ ವಯಸ್ಸಿನಷ್ಟು ಮಾತ್ರ ಇಳಿಯುತ್ತದೆ. ಊರಿನ ಗಾಡಿಯಾದರೆ ಹೆಸರು ಬದಲಿಸಲು ಫಾರಂ 29, ಫಾರಂ 30 ಬೇಕು. ಗಾಡಿಯ ಮೇಲೆ ಸಾಲ ಇದ್ದಿದ್ದರೆ, ಅದು ತೀರಿದೆ ಎಂದು ಬ್ಯಾಂಕು ಸಹಿ ಮಾಡಿದ ಫಾರಂ 35 ಬೇಕೇ ಬೇಕು. ಹೆಸರು ಬದಲಾದ 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಎರಡನೇ ಕೀ ಕೈಗೆ ಬರುವ ತನಕ ಕೊನೆಯ ಕಂತಿನ ದುಡ್ಡು ಕೊಡಬೇಡಿ.

ನಮಸ್ಕಾರ.