ಜೇನ್ ಆಸ್ಟಿನ್ ಕೈಯಾರೆ ನಕಲು ಮಾಡಿದ ಹಾಡುಗಳು: ಹಳೆಯ ಸಂಗೀತ ಪುಸ್ತಕ ಓದುವುದು ಹೇಗೆ?

[ದೃಶ್ಯ: ಐದು ಗೆರೆಗಳ ಸ್ವರಲಿಪಿ, ಕೈಬರಹದ ಪುಟ. ಕ್ಯಾಮೆರಾ ನಿಧಾನವಾಗಿ ಹತ್ತಿರಕ್ಕೆ.]

ನಿರೂಪಣೆ: ನೋಡಿದರೆ ಅಚ್ಚಿನ ಪುಟದಂತಿದೆ. ಆದರೆ ಇದು ಹಕ್ಕಿಗರಿಯ ಲೇಖನಿಯಲ್ಲಿ ಬರೆದದ್ದು. ಕಾದಂಬರಿಗಾರ್ತಿ ಜೇನ್ ಆಸ್ಟಿನ್ ನಕಲು ಮಾಡಿದ ಸ್ವರಲಿಪಿ ಅಚ್ಚಿನಷ್ಟೇ ಸಲೀಸಾಗಿ ಓದಲು ಬರುತ್ತಿತ್ತು ಅಂತ ಅವಳ ಅಣ್ಣನ ಮಗಳು ಕ್ಯಾರೊಲಿನ್ ಬರೆದಿಟ್ಟಿದ್ದಾಳೆ.

ಆಸ್ಟಿನ್ ಮನೆತನದ 18 ಸಂಗೀತ ಪುಸ್ತಕಗಳು ಉಳಿದಿವೆ, ಅವುಗಳಲ್ಲಿ ಸುಮಾರು 600 ರಚನೆಗಳಿವೆ. 2015ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯ ಇವನ್ನು ಡಿಜಿಟಲ್ ಮಾಡಿತು. ಹದಿನೆಂಟೂ ಜೇನಳದೇ ಅಂದುಕೊಳ್ಳಬೇಡಿ. ಮನೆಯ ಬೇರೆ ಬೇರೆ ಹೆಂಗಸರು ಕೂಡಿಟ್ಟದ್ದು ಇವು. ಕೆಲವು ಅಂಗಡಿಯಿಂದ ತಂದ ಬಿಡಿ ಹಾಳೆಗಳನ್ನು ಒಟ್ಟು ಮಾಡಿ ರಟ್ಟು ಹಾಕಿಸಿದವು, ಕೆಲವು ಪೂರ್ತಿ ಕೈಬರಹ.

[ದೃಶ್ಯ: ಪರದೆಯ ಮೇಲೆ — 12 ಪೆನ್ಸ್ = 1 ಶಿಲಿಂಗ್, 21 ಶಿಲಿಂಗ್ = 1 ಗಿನಿ]

ಕೊಳ್ಳುವುದು ಬಿಟ್ಟು ನಕಲು ಮಾಡುವ ಕಷ್ಟ ಏಕೆ? ಅಚ್ಚಾದ ಒಂದು ಹಾಡಿನ ಹಾಳೆಗೆ ಸಾಮಾನ್ಯವಾಗಿ 6 ಪೆನ್ಸ್‌ನಿಂದ 1 ಶಿಲಿಂಗ್ ಬೀಳುತ್ತಿತ್ತು. 1801ರಲ್ಲಿ ಬಾತ್ ಊರಿಗೆ ಹೊರಟಾಗ ಜೇನಳ ಪಿಯಾನೊ ಮಾರಿದ್ದಕ್ಕೆ ಬಂದದ್ದು ಬರೀ 8 ಗಿನಿ, ಅಂದರೆ 168 ಶಿಲಿಂಗ್. ಶಿಲಿಂಗಿಗೊಂದರಂತೆ ಇನ್ನೂರು ಹಾಡು ಕೊಂಡರೆ ಆ ಪಿಯಾನೊಗಿಂತ ಹಾಳೆಗಳದೇ ಖರ್ಚು ಜಾಸ್ತಿ! ಪರಿಚಯದವರಿಂದ ಹಾಳೆ ಎರವಲು ತಂದರೆ ಕಾಗದ, ಶಾಯಿ ಮತ್ತು ಸಮಯ ಇಷ್ಟೇ ಸಾಕು. ನಮ್ಮ ಮನೆಗಳ ದೇವರನಾಮದ ನೋಟ್‌ಬುಕ್ ಹುಟ್ಟಿದ್ದೂ ಹೀಗೇ. ಆದರೆ ನಮ್ಮಲ್ಲಿ ಸಾಹಿತ್ಯ ಮಾತ್ರ ಬರೆದುಕೊಂಡು ಧಾಟಿಯನ್ನು ನೆನಪಿಗೆ ಬಿಡುತ್ತಿದ್ದರು, ಇಲ್ಲಿ ಪಿಯಾನೊ ನುಡಿಸುವ ಎರಡೂ ಕೈಗಳ ಸ್ವರ ಬರೆಯಬೇಕು.

ಇವು ಹಳ್ಳಿಗಳಲ್ಲಿ ಕೇಳಿ ಬರೆದುಕೊಂಡ ಜಾನಪದ ಗೀತೆಗಳಲ್ಲ. ಲಂಡನ್ನಿನ ರಂಗಮಂದಿರಗಳಲ್ಲಿ, ವಾಕ್ಸ್‌ಹಾಲ್‌ನಂಥ ವಿಹಾರೋದ್ಯಾನಗಳಲ್ಲಿ ಹಾಡಿ ಜನಪ್ರಿಯವಾಗಿ, ಹಾಳೆಯ ರೂಪದಲ್ಲಿ ಊರೂರು ತಲುಪುತ್ತಿದ್ದ ಹಾಡುಗಳೇ ಇಂಥ ಪುಸ್ತಕಗಳಲ್ಲಿ ಹೆಚ್ಚು. ಚಾರ್ಲ್ಸ್ ಡಿಬ್ಡಿನ್ ಅಂತೂ ಸಾಹಿತ್ಯ ತಾನೇ ಬರೆದು, ರಾಗ ಹಾಕಿ, ಹಾಡಿ, ಹಾಳೆಯನ್ನೂ ತಾನೇ ಮಾರುತ್ತಿದ್ದವನು.

[ದೃಶ್ಯ: ಹೊಡೆದುಹಾಕಿದ ಒಂದು ಪದ, ವೃತ್ತದಲ್ಲಿ]

ಅವನ ಒಂದು ಹಾಡಿನಲ್ಲಿ ಯುದ್ಧಕ್ಕೆ ಹೊರಟ ಸಿಪಾಯಿ ಮಡದಿಗೆ ವಿದಾಯ ಹೇಳುತ್ತಾನೆ. ಜೇನ್ ತನ್ನ ಪ್ರತಿಯಲ್ಲಿ 'ಸಿಪಾಯಿ' ಹೊಡೆದುಹಾಕಿ 'ನಾವಿಕ' ಅಂತ ಮಾಡಿದ್ದಾಳೆ. ಅವಳ ಸೋದರರಾದ ಫ್ರಾನ್ಸಿಸ್ ಮತ್ತು ಚಾರ್ಲ್ಸ್ ಇಬ್ಬರೂ ನೌಕಾಪಡೆಯಲ್ಲಿದ್ದರು. ಅಚ್ಚಿನ ಹಾಳೆ ಎಷ್ಟು ತಡಕಿದರೂ ಇಂಥದ್ದು ಸಿಗದು.

ಈಗ ನಕಲು ಮಾಡುವವರ ಪೇಚಾಟ. ಸ್ವರಗಳನ್ನು ಮೊದಲೇ ಒತ್ತೊತ್ತಾಗಿ ಬರೆದರೆ ಕೆಳಗೆ ಸಾಹಿತ್ಯ ಹಿಡಿಸುವುದಿಲ್ಲ. ಮೊದಲ ಚರಣದ ಪದಗಳಿಗೆ ಎಷ್ಟು ಜಾಗ ಬೇಕು ಅಂತ ಅಂದಾಜು ಮಾಡಿಕೊಂಡೇ ಸ್ವರ ಕೂರಿಸಬೇಕು. ಉಳಿದ ಚರಣಗಳನ್ನು ಪುಟದ ಕೊನೆಗೆ ಪದ್ಯದಂತೆ ಬರೆಯುವುದು ರೂಢಿ. ಸಾಲಿನ ನಡುವೆ ಪುಟ ಮಗುಚಬೇಕಾಗಿ ಬಂದರೆ ನುಡಿಸುವವರ ಒಂದು ಕೈ ಬಿಡುವಾಗಬೇಕು, ಆದ್ದರಿಂದ ಪುಟದ ಕೊನೆಗೆ ವಿರಾಮ ಬರುವಂತೆ ಜಾಣರು ಹೊಂದಿಸುತ್ತಾರೆ.

ಶಾಯಿಯದು ಬೇರೆಯೇ ಕಥೆ. ಓಕ್ ಮರದ ಗಂಟುಕಾಯಿ, ಕಬ್ಬಿಣದ ಸಲ್ಫೇಟ್, ಗೋಂದು ಸೇರಿಸಿ ಮಾಡುತ್ತಿದ್ದ ಶಾಯಿ ಆಮ್ಲೀಯ. ತೆಳುಗೆರೆಗಿಂತ ತುಂಬಿ ಕಪ್ಪಾಗಿಸಿದ ಸ್ವರದ ಬೊಟ್ಟಿನಲ್ಲಿ ಶಾಯಿ ಹೆಚ್ಚು ನಿಲ್ಲುತ್ತದೆ. ಹೀಗಾಗಿ ಆ ಕಾಲದ ಕೈಬರಹಗಳಲ್ಲಿ ಕಾಗದ ಮೊದಲು ತೂತಾಗುವುದು ಅಲ್ಲೇ. ಹಿಂಬದಿಯ ಬೊಟ್ಟು ಈಚೆ ಮೂಡಿ, ಇಲ್ಲದ ಸ್ವರ ಇದೆ ಅನ್ನಿಸುವುದೂ ಉಂಟು. ಅನುಮಾನ ಬಂದರೆ ಆ ಹಾಳೆಯ ಎರಡೂ ಬದಿ ಪಕ್ಕಪಕ್ಕ ಇಟ್ಟು ನೋಡಿ. ರಟ್ಟು ಹಾಕುವವನೂ ಅಂಚು ಸಮ ಮಾಡುವ ಭರದಲ್ಲಿ ಮೇಲಿನ ಹೆಸರು, ಸಹಿಗಳನ್ನು ಕತ್ತರಿಸಿಬಿಡುತ್ತಿದ್ದ.

[ದೃಶ್ಯ: ಬೆಳಕಿಗೆ ಹಿಡಿದ ಕಾಗದ, ವಾಟರ್‌ಮಾರ್ಕ್]

ಕಾಲ ಹೇಳುವುದು ಹೇಗೆ? ಅಚ್ಚಿನ ಹಾಳೆಗಳ ಮೇಲೆ ಬಹುಮಟ್ಟಿಗೆ ಇಸವಿ ಇರುವುದೇ ಇಲ್ಲ. ಸ್ವರಗಳನ್ನು ಲೋಹದ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕುತ್ತಿದ್ದರು. ಬೇಡಿಕೆ ಬಂದಾಗಲೆಲ್ಲ ಅದೇ ತಗಡು ಹೊರಗೆ ಬರುತ್ತಿತ್ತು, ಇಸವಿ ಹಾಕಿದರೆ ಹಾಡು ಹಳತು ಅಂತ ಕೊಳ್ಳುವವರಿಗೆ ಗೊತ್ತಾಗಿಬಿಡುತ್ತದಲ್ಲ! ಪ್ರಕಾಶಕರ ಹೆಸರು, ಅಂಗಡಿಯ ವಿಳಾಸ ಸ್ವಲ್ಪ ಸುಳಿವು ಕೊಡುತ್ತವೆ. 1794ರ ಸುಂಕದ ಕಾನೂನು ಬಂದ ಮೇಲೆ ಇಂಗ್ಲಿಷ್ ಕಾಗದದ ವಾಟರ್‌ಮಾರ್ಕ್‌ನಲ್ಲಿ ಇಸವಿ ಹಾಕುವುದು ಹೆಚ್ಚಾಯಿತು. 1797 ಅಂತ ಕಂಡರೆ, ಅದಕ್ಕಿಂತ ಮುಂಚೆ ಬರೆದದ್ದಲ್ಲ ಅಂತ ಮಾತ್ರ ತಿಳಿಯಬೇಕು. ಕೊಂಡ ಕಾಗದ ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದಿರಬಹುದು.

ನುಡಿಸಿ ನೋಡುವವರಿಗೆ ಇನ್ನೊಂದು ಮಾತು. ಹಲವು ಹಾಳೆಗಳ ಕೊನೆಯಲ್ಲಿ ಕೊಳಲಿಗೋ ಗಿಟಾರಿಗೋ ಅಂತ ಅದೇ ಧಾಟಿಯನ್ನು ಇನ್ನೊಮ್ಮೆ ಕೊಟ್ಟಿರುತ್ತಾರೆ. ಅದನ್ನು ಹಾಡಿನ ಮುಂದುವರಿಕೆ ಅಂದುಕೊಳ್ಳಬೇಡಿ. ಶ್ರುತಿ ಬದಲಾಗಿರುವುದು ಸಾಮಾನ್ಯ, ಪಿಯಾನೊ ಜೊತೆ ಸೇರಿಸಿ ನುಡಿಸಿದರೆ ಅಪಸ್ವರವೇ ಗತಿ.