ಕತ್ತು ವಾಲಿಸುವ ಮಗು

ಕೇಳುಗರಿಗೆ ನಮಸ್ಕಾರ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಒಂದು ಮಗು ಇರಬಹುದು. ಟಿವಿ ನೋಡುವಾಗ, ಬರೆಯುವಾಗ, ಯಾರಾದರೂ ಮಾತಾಡಿಸಿದಾಗ ತಲೆ ಯಾವಾಗಲೂ ಒಂದೇ ಭುಜದ ಕಡೆ ವಾಲಿರುತ್ತದೆ. ಮೇಷ್ಟ್ರು "ನೆಟ್ಟಗೆ ಕೂತ್ಕೊಳ್ಳೋ" ಅಂತ ಗದರುತ್ತಾರೆ. ಫೋಟೋ ಸ್ಟುಡಿಯೋದವರು ಗಲ್ಲ ಹಿಡಿದು ನೇರ ಮಾಡಿ ಕ್ಯಾಮೆರಾ ಹತ್ತಿರ ಹೋಗುವಷ್ಟರಲ್ಲಿ ತಲೆ ಮತ್ತೆ ವಾಲಿರುತ್ತದೆ. ಅಜ್ಜಿ ಮಾತ್ರ "ಇವರಪ್ಪನೂ ಚಿಕ್ಕವನಿದ್ದಾಗ ಹೀಗೇ ನಿಲ್ತಿದ್ದ" ಅಂತ ನಗುತ್ತಾರೆ. ಎಲ್ಲರಿಗಿಂತ ಕೆಲಸಕ್ಕೆ ಬರುವ ಮಾತು ಅಜ್ಜಿಯದ್ದೇ.

ಇದು ಕೆಟ್ಟ ಅಭ್ಯಾಸ ಅಲ್ಲದೇ ಇರಬಹುದು. ಕುತ್ತಿಗೆಯ ತೊಂದರೆಯೂ ಅಲ್ಲದೇ ಇರಬಹುದು. ಎಷ್ಟೋ ಸಲ ತೊಂದರೆ ಇರುವುದು ಕಣ್ಣಲ್ಲಿ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಕಣ್ಣಿಗೆ ಹೋಗುವ ಒಂದು ತೆಳ್ಳನೆಯ ನರದಲ್ಲಿ.

ಒಂದೊಂದು ಕಣ್ಣನ್ನೂ ಆರು ಸ್ನಾಯುಗಳು ತಿರುಗಿಸುತ್ತವೆ. ಅದರಲ್ಲಿ ಸುಪೀರಿಯರ್ ಆಬ್ಲಿಕ್ ಅನ್ನುವುದು ಸ್ವಲ್ಪ ವಿಚಿತ್ರದ ಸ್ನಾಯು. ಇದು ಹೊರಡುವುದು ಕಣ್ಣಿನ ಗೂಡಿನ ಹಿಂಭಾಗದಲ್ಲಿ. ಆದರೆ ನೇರವಾಗಿ ಕಣ್ಣಿಗೆ ಅಂಟಿಕೊಳ್ಳುವುದಿಲ್ಲ. ಮೊದಲು ಮೂಗಿನ ಪಕ್ಕ, ಹುಬ್ಬಿನ ಕೆಳಗೆ ಬರುತ್ತದೆ. ಬಾವಿಯ ರಾಟೆಯ ಮೇಲೆ ಹಗ್ಗ ಹಾದುಹೋಗುತ್ತದಲ್ವಾ, ಹಾಗೆ ಅಲ್ಲಿರುವ ಒಂದು ಪುಟ್ಟ ಬಳೆಯೊಳಗೆ ತೂರಿ, ಹಿಂದಕ್ಕೆ ತಿರುಗಿ ಕಣ್ಣುಗುಡ್ಡೆಯನ್ನು ಹಿಡಿಯುತ್ತದೆ. ಕಣ್ಣನ್ನು ಕೆಳಗೆ ಇಳಿಸುವುದು, ಕಣ್ಣಿನ ಮೇಲ್ಭಾಗವನ್ನು ಮೂಗಿನ ಕಡೆಗೆ ಚೂರು ಉರುಳಿಸುವುದು ಇದರ ಕೆಲಸ. ಇದನ್ನು ನಡೆಸುವುದು ಮಿದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ ನಾಲ್ಕನೆಯದು, ಟ್ರಾಕ್ಲಿಯರ್ ನರ. ಆ ಹನ್ನೆರಡರಲ್ಲಿ ಇದೇ ಅತಿ ಸಣ್ಣದು. ಮಿದುಳಿನ ಕಾಂಡದ ಹಿಂಬದಿಯಿಂದ ಹೊರಡುವುದೂ ಇದೊಂದೇ.

ಕೆಲವು ಮಕ್ಕಳಲ್ಲಿ ಈ ನರ ಹುಟ್ಟಿನಿಂದಲೇ ದುರ್ಬಲ. ಎಂಆರ್‌ಐ ತೆಗೆದು ನೋಡಿದರೆ ಎಷ್ಟೋ ಮಂದಿಯಲ್ಲಿ ಆ ಬದಿಯ ನರವೇ ಕಾಣಿಸುವುದಿಲ್ಲ, ಸ್ನಾಯುವೂ ಸೊರಗಿರುತ್ತದೆ. ಇನ್ನು ಕೆಲವರಲ್ಲಿ ಸ್ನಾಯುವಿನ ತುದಿಯೇ ಸಡಿಲ. ಜಾಸ್ತಿ ಜನರಲ್ಲಿ ಮನೆತನದಲ್ಲಿ ಬೇರೆ ಯಾರಿಗೂ ಇರುವುದಿಲ್ಲ. ಆದರೆ ಅಪ್ಪನಿಂದ ಮಗಳಿಗೆ, ತಾಯಿಯಿಂದ ಮಗನಿಗೆ ಬಂದ ಕುಟುಂಬಗಳೂ ಇವೆ.

ಸರಿ, ಕಣ್ಣಿನ ತೊಂದರೆಗೆ ಕತ್ತು ಯಾಕೆ ವಾಲಬೇಕು? ಬಲಗಣ್ಣಿನ ನರ ದುರ್ಬಲ ಅಂತಿಟ್ಟುಕೊಳ್ಳಿ. ಆ ಕಣ್ಣು ಎಡಗಣ್ಣಿಗಿಂತ ಮೇಲೆ ನಿಲ್ಲುತ್ತದೆ. ಆಗ ಒಂದು ವಸ್ತು ಎರಡಾಗಿ, ಒಂದರ ಮೇಲೊಂದು ಕಾಣಬೇಕು. ಮಗು ತಲೆಯನ್ನು ಎಡ ಭುಜದ ಕಡೆ ವಾಲಿಸಿತು ಅನ್ನಿ, ದುರ್ಬಲ ಸ್ನಾಯುವಿಗೆ ಕೆಲಸ ಕಡಿಮೆಯಾಗುತ್ತದೆ, ಎರಡೂ ಕಣ್ಣು ಸಮಕ್ಕೆ ಬರುತ್ತವೆ, ನೋಟ ಒಂದಾಗುತ್ತದೆ. ಯಾರೂ ಹೇಳಿಕೊಡದೆ ಮಗುವಿನ ಮಿದುಳೇ ಕಂಡುಕೊಂಡ ದಾರಿ ಇದು. ನಾವು ಬೈದು ನೇರ ಮಾಡಿಸುವುದೆಂದರೆ ಅದರ ನೋಟ ಕೆಡಿಸಿದ ಹಾಗೆ ಅಂತಲೇ ನಾನು ಹೇಳುವುದು.

ತಲೆಯನ್ನು ಉಲ್ಟಾ, ಅಂದರೆ ಬಲಕ್ಕೆ ವಾಲಿಸಿ ನೋಡಿದರೆ ಬಲಗಣ್ಣು ಥಟ್ಟನೆ ಮೇಲೇರುತ್ತದೆ. ಇದನ್ನೇ ಪರೀಕ್ಷೆಯಾಗಿ ಬಳಸಬಹುದು ಅಂತ 1900ರಲ್ಲಿ ಜರ್ಮನಿಯ ಸಂಶೋಧಕರಾದ ಹಾಫ್‌ಮನ್ ಮತ್ತು ಆಲ್ಫ್ರೆಡ್ ಬೀಲ್‌ಶಾವ್‌ಸ್ಕಿ ಬರೆದರು. 1958ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ಮಾರ್ಷಲ್ ಪಾರ್ಕ್ಸ್ ಅದನ್ನು ಮೂರು ಹೆಜ್ಜೆಯ ಪರೀಕ್ಷೆ ಮಾಡಿದರು. ಇವತ್ತಿಗೂ ಕಣ್ಣಿನ ವೈದ್ಯರು ಮೊದಲು ಮಾಡುವುದು ಅದನ್ನೇ. ಯಂತ್ರ ಬೇಡ, ಖರ್ಚಿಲ್ಲ.

ಮನೆಯಲ್ಲೇ ಒಂದು ಸುಳಿವು ಸಿಗುತ್ತದೆ. ಮಗು ಕೂತು ಆಡುವಾಗ ಒಂದು ಕಣ್ಣನ್ನು ಸ್ವಲ್ಪ ಹೊತ್ತು ಮುಚ್ಚಿ ನೋಡಿ. ಕತ್ತು ತಾನಾಗೇ ನೇರವಾದರೆ ಕಾರಣ ಕಣ್ಣಿನದ್ದು ಇರಬಹುದು. ಇನ್ನೊಂದು ವಿಷಯ, ಈ ವಾಲುವಿಕೆ ಸಾಮಾನ್ಯವಾಗಿ ಕಾಣುವುದು ಮಗು ಕತ್ತು ನಿಲ್ಲಿಸಿ ಕೂರಲು ಶುರುಮಾಡಿದ ಮೇಲೆ. ಹುಟ್ಟಿದ ಮೊದಲ ವಾರಗಳಲ್ಲೇ ಕತ್ತು ಬಿಗಿಯಾಗಿದ್ದು, ಪಕ್ಕದಲ್ಲಿ ಗಂಟು ಸಿಕ್ಕಿದರೆ ಅದು ಕತ್ತಿನ ಸ್ನಾಯುವಿನ ತೊಂದರೆ. ಅದಕ್ಕೆ ವ್ಯಾಯಾಮವೇ ಔಷಧಿ. ಕಣ್ಣಿನಿಂದ ಬಂದದ್ದಕ್ಕೆ ಕತ್ತಿಗೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದರೆ ಮಗುವಿಗೆ ಸುಮ್ನೆ ಹಿಂಸೆ. ದೃಷ್ಟಿ ತೆಗೆಸುವವರು ತೆಗೆಸಿಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಕಣ್ಣಿನ ವೈದ್ಯರಿಗೂ ಒಮ್ಮೆ ತೋರಿಸಿ. "ಮೆಳ್ಳೆಗಣ್ಣು ಅದೃಷ್ಟ, ಮುಟ್ಟಬೇಡಿ" ಅನ್ನುವವರ ಮಾತನ್ನು ಮಾತ್ರ ಕೇಳಬೇಡಿ.

ತೋರಿಸಿದರೆ ಏನು ಮಾಡುತ್ತಾರೆ? ನರವನ್ನು ಸರಿಮಾಡಲು ಆಗುವುದಿಲ್ಲ. ಎರಡು ಕಣ್ಣುಗಳ ಎತ್ತರದ ವ್ಯತ್ಯಾಸ ಕಡಿಮೆ ಇದ್ದರೆ ಪ್ರಿಸಂ, ಅಂದರೆ ಬೆಳಕನ್ನು ಬಾಗಿಸುವ ಗಾಜು, ಇರುವ ಕನ್ನಡಕ ಸಾಕಾಗಬಹುದು. ಕತ್ತು ತುಂಬಾ ವಾಲುತ್ತಿದ್ದರೆ ಶಸ್ತ್ರಚಿಕಿತ್ಸೆ. ಹೆಚ್ಚಾಗಿ ಕಣ್ಣನ್ನು ಮೇಲಕ್ಕೆ ಎಳೆಯುವ ಇನ್ನೊಂದು ಸ್ನಾಯುವನ್ನು ಸಡಿಲ ಮಾಡುತ್ತಾರೆ. ಕೆಲವೊಮ್ಮೆ ಸೊರಗಿದ ಸ್ನಾಯುವನ್ನೇ ಮಡಚಿ ಬಿಗಿ ಮಾಡುತ್ತಾರೆ. "ಕಣ್ಣು ಕಿತ್ತು ಹೊರಗಿಟ್ಟು ಆಪರೇಷನ್ ಮಾಡ್ತಾರಂತೆ" ಅಂತ ಹೆದರಿ ವರ್ಷಗಟ್ಟಲೆ ಮುಂದೂಡುವವರಿದ್ದಾರೆ. ಕಣ್ಣು ಇದ್ದಲ್ಲೇ ಇರುತ್ತದೆ, ಸ್ವಾಮಿ. ಹಾಗೇ ಬಿಟ್ಟರೆ ಬೆಳೆಯುವ ಮುಖವೂ ಸ್ವಲ್ಪ ಓರೆಯಾಗುತ್ತದೆ. ಕತ್ತು ವಾಲುವ ಬದಿಯ ಕೆನ್ನೆ ಚಿಕ್ಕದಾಗಿ ಕಾಣುತ್ತದೆ.

ಕೆಲವರು ಹೇಗೋ ಸಂಭಾಳಿಸಿಕೊಂಡೇ ದೊಡ್ಡವರಾಗುತ್ತಾರೆ. ಆಮೇಲೆ ನಡುವಯಸ್ಸಿನಲ್ಲಿ ಒಂದು ದಿನ ಮೆಟ್ಟಿಲಿಳಿಯುವಾಗ, ಪೇಪರ್ ಓದುವಾಗ ಸಾಲುಗಳು ಎರಡೆರಡಾಗುತ್ತವೆ. ಗಾಬರಿಯಾಗುವುದು ಸಹಜ. ತಲೆಗೆ ಪೆಟ್ಟು ಬಿದ್ದಾಗ, ಸಕ್ಕರೆ ಕಾಯಿಲೆಯಲ್ಲಿ ಇದೇ ನರ ಹೊಸದಾಗಿ ಸೋಲುವುದೂ ಉಂಟು. ಹಾಗಾಗಿ ತಡಮಾಡದೆ ತೋರಿಸಲೇಬೇಕು. ಹೋಗುವಾಗ ಹಳೆಯ ಆಲ್ಬಂ ತೆಗೆದುಕೊಂಡು ಹೋಗಿ. ಒಂದನೇ ಕ್ಲಾಸಿನ ಗ್ರೂಪ್ ಫೋಟೋ, ಉಪನಯನದ್ದು, ಮದುವೆಯದ್ದು, ಎಲ್ಲದರಲ್ಲೂ ತಲೆ ಒಂದೇ ಕಡೆ ವಾಲಿದ್ದರೆ ತೊಂದರೆ ಹಳೆಯದು ಅಂತ ವೈದ್ಯರಿಗೆ ಗೊತ್ತಾಗುತ್ತದೆ. ಅರ್ಧ ಆತಂಕ ಅಲ್ಲೇ ಇಳಿಯುತ್ತದೆ.

ಮಗುವಿಗೆ ಇದು ಇದೆ ಅಂತ ಗೊತ್ತಾದರೆ ಅಣ್ಣ ತಮ್ಮ ಅಕ್ಕ ತಂಗಿಯರನ್ನೂ, ಅಪ್ಪ ಅಮ್ಮನನ್ನೂ ಅದೇ ದಿನ ನೋಡಿಬಿಡಿ ಅಂತ ವೈದ್ಯರನ್ನು ಕೇಳಿ. ಪರೀಕ್ಷೆಗೆ ಐದು ನಿಮಿಷ ಸಾಕು.

ನಮಸ್ಕಾರ.